ಮಹಡಿಯ ಕೋಣೆಗೆ ಬೀಗ ಏಕೆ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ವಾಚಕರ ಪುಟದಲ್ಲಿ ಒಬ್ಬರ ಪತ್ರ ಓದಿದೆ. ಮೊಬೈಲ್ ಬಂದ ಮೇಲೆ ಗ್ರಂಥಾಲಯದ ಕಡೆಗೆ ಯಾರೂ ತಲೆ ಹಾಕುತ್ತಿಲ್ಲ, ಜನರಲ್ಲಿ ಓದುವ ಅಭಿರುಚಿಯೇ ಸತ್ತುಹೋಗಿದೆ ಎಂಬುದು ಅವರ ಅಳಲು. ಅವರು ಯಾವ ಬಡಾವಣೆಯವರೋ ಕಾಣೆ. ನಮ್ಮ ಬೀದಿಯ ಕಥೆ ಬೇರೆ. ಇಲ್ಲಿ ಜನ ಬಂದಿದ್ದರು. ಮೆಟ್ಟಿಲ ತನಕ ಬಂದು, ಬೀಗ ನೋಡಿ ಹಿಂದಿರುಗಿದರು. ಹಾಗೆ ಹಿಂದಿರುಗಿದವರಲ್ಲಿ ನಾನೂ ಒಬ್ಬಳಾದ್ದರಿಂದ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ಕತ್ತರಿಸುವುದಿದ್ದರೆ ಅಂಚಿನಲ್ಲಿ ಕತ್ತರಿಸಿ, ನಡು ಭಾಗ ಉಳಿಸಿಕೊಳ್ಳಿ.

ನಾನು ಹೆಂಗಸರ ಬಟ್ಟೆ ಹೊಲಿಯುವವಳು. ದಕ್ಷಿಣ ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ, ಮನೆಯ ಮುಂದಿನ ಹತ್ತಡಿ ಕೋಣೆಯಲ್ಲಿ 1998ರಿಂದ ಅಂಗಡಿ ನಡೆಸುತ್ತಿದ್ದೇನೆ. ರಸ್ತೆಯ ಆಚೆ ಬದಿಯಲ್ಲಿ ಸಾರ್ವಜನಿಕ ಗ್ರಂಥಾಲಯದ ಶಾಖೆ. ಯಂತ್ರದ ಮುಂದೆ ಕುಳಿತು ತಲೆ ಎತ್ತಿದರೆ ಕಾಣುವುದೇ ಅದರ ಬಾಗಿಲು. ಬೆಳಿಗ್ಗೆ ಮೊದಲು ಯಾರು ಬರುತ್ತಾರೆ, ಪತ್ರಿಕೆಯ ಕ್ರೀಡಾ ಪುಟವನ್ನು ಯಾರು ಎಷ್ಟು ಹೊತ್ತು ಬಿಡುವುದಿಲ್ಲ, ಪದಬಂಧವನ್ನು ಪೆನ್ನಿನಲ್ಲೇ ತುಂಬಿಸಿ ಬೇರೆಯವರಿಗೆ ಸಿಗದಂತೆ ಮಾಡುವ ಪುಣ್ಯಾತ್ಮ ಯಾರು ಎಂಬುದೆಲ್ಲ ನನಗೆ ಗೊತ್ತು. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ನಾನೂ ಹೋಗಿ ನಿಮ್ಮ ಪತ್ರಿಕೆ ಓದುತ್ತೇನೆ. ಓದಿದ್ದು ಎಸ್ಸೆಸ್ಸೆಲ್ಸಿ. ಮುಂದಿನದನ್ನೆಲ್ಲ ಆ ಕಟ್ಟಡದಲ್ಲೇ ಓದಿದ್ದು.

ಕೆಳಗೆ ಪತ್ರಿಕಾ ವಿಭಾಗ, ಅದರ ಒಳಗೆ ಎರವಲು ವಿಭಾಗ, ಗೋಡೆಗೆ ಒತ್ತಿದಂತೆ ಉದ್ದನೆಯ ಮೇಜುಗಳು. ಆ ಮೇಜುಗಳಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಊಟದ ಡಬ್ಬಿ ಸಮೇತ ಬಂದು, ತಾವೇ ತಂದ ಪುಸ್ತಕಗಳನ್ನು ಹರಡಿಕೊಂಡು ಕೂರುತ್ತಾರೆ. ಅವರ ಮೇಲೆ ನನಗೆ ಒಂದು ಮಾತೂ ಇಲ್ಲ. ಒಂದೇ ಕೋಣೆಯ ಮನೆಯಲ್ಲಿ ನಾಲ್ಕು ಜನ, ಒಂದು ಟಿವಿ ಇದ್ದರೆ ಓದುವ ಮಗು ಇನ್ನೆಲ್ಲಿಗೆ ಹೋಗಬೇಕು?

ನನ್ನ ಮಾತು ಮೇಲಿನ ಮಹಡಿಯದು. ಅಲ್ಲಿ ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದದ ಕೋಣೆಯೊಂದಿದೆ. ಅಂದಾಜಿನ ಮಾತಲ್ಲ, ನನ್ನ ಟೇಪಿನಿಂದ ಅಳೆದದ್ದು. ದರ್ಜಿಯ ಟೇಪು ಐದು ಅಡಿಯದು, ಉದ್ದಕ್ಕೆ ಆರು ಸಲ ಹಿಡಿಯಬೇಕಾಯಿತು. ಎರಡು ಕಡೆ ಕಿಟಕಿ, ಮೂರು ಫ್ಯಾನು, ಒಂದು ಕಪ್ಪು ಹಲಗೆ. ಕಟ್ಟಿದವರು ಏನನ್ನೋ ಮನಸ್ಸಿನಲ್ಲಿ ಇಟ್ಟುಕೊಂಡೇ ಕಟ್ಟಿದ್ದಾರೆ ಎನ್ನುವುದು ನೋಡಿದರೆ ತಿಳಿಯುತ್ತದೆ. ಆದರೆ ನಾನು ಅಂಗಡಿ ತೆರೆದಂದಿನಿಂದ ಅದರ ಬಾಗಿಲು ತೆರೆದದ್ದನ್ನು ಕಂಡಿರಲಿಲ್ಲ.

ಎರಡು ವರ್ಷದ ಹಿಂದೆ, ದಸರೆ ಹತ್ತಿರವಿದ್ದಾಗ, ಆಗಿನ ಗ್ರಂಥಪಾಲಕರು ರವಿಕೆ ಹೊಲಿಸಲು ಅಂಗಡಿಗೆ ಬಂದರು. ಅಳತೆ ತೆಗೆಯುವಾಗ ಮಾತಿಗೆ ಮಾತು ಬಂತು.

‘ಮೇಡಂ, ಮೇಲಿನ ಕೋಣೆಯಲ್ಲಿ ಏನಿದೆ?’

‘ಮುರಿದ ಕುರ್ಚಿ ಇದೆ ಅಕ್ಕ, ಬಿಚ್ಚದ ಪುಸ್ತಕದ ಕಟ್ಟು ಇದೆ, ಪಾರಿವಾಳ ಇದೆ.’

‘ಪಾರಿವಾಳಕ್ಕೆ ಸದಸ್ಯತ್ವ ಕೊಟ್ಟಿದ್ದೀರಾ?’ ಎಂದೆ. ಅವರು ನಕ್ಕರು. ಮರುದಿನವೇ ಬೀಗದ ಕೈ ಹಿಡಿದುಕೊಂಡು ಬಂದು, ‘ಬನ್ನಿ, ನೋಡೋಣ’ ಎಂದರು.

ನಾವು ಮೂವರು ಹೆಂಗಸರು ಸೇರಿ ಒಂದಿಡೀ ಭಾನುವಾರ ಗುಡಿಸಿದೆವು. ಪಾರಿವಾಳದ ಹಿಕ್ಕೆಯನ್ನೇ ಎರಡು ಬಕೆಟ್ ಹೊತ್ತು ಹಾಕಿದೆವು. ಗೋಡೆಯ ಪಕ್ಕ ಸಗಟು ಖರೀದಿಯಲ್ಲಿ ಬಂದ ಪುಸ್ತಕಗಳ ಕಟ್ಟುಗಳಿದ್ದವು. ಸೆಣಬಿನ ಹುರಿಯ ಗಂಟುಗಳು ಬಿಗಿದಂತೆಯೇ ಇದ್ದವು. ದಿನವಿಡೀ ದಾರದ ಜೊತೆ ಬದುಕುವವಳು ನಾನು, ಒಮ್ಮೆ ಬಿಚ್ಚಿ ಕಟ್ಟಿದ ಗಂಟಿಗೂ ಬಿಚ್ಚದ ಗಂಟಿಗೂ ವ್ಯತ್ಯಾಸ ತಿಳಿಯುತ್ತದೆ. ಅವುಗಳನ್ನು ಯಾರೂ ಮುಟ್ಟಿರಲಿಲ್ಲ. ನನ್ನ ದೊಡ್ಡ ಕತ್ತರಿಯಿಂದ ಹುರಿ ಕತ್ತರಿಸಿದಾಗ ಒಳಗಿನಿಂದ ಹೊಸ ಪುಸ್ತಕದ ವಾಸನೆಯೇ ಬಂತು, ಹೊರಗಿನ ಎರಡು ಪುಸ್ತಕಗಳಿಗೆ ಮಾತ್ರ ಗೆದ್ದಲು ಹಿಡಿದಿತ್ತು. ಮಕ್ಕಳ ಪುಸ್ತಕಗಳು, ಬಣ್ಣದ ಚಿತ್ರದವು, ಒಂದು ಕಟ್ಟಿನ ತುಂಬ ಇದ್ದವು. ಬರೆದವರಿಗೂ ಚಿತ್ರ ಬಿಡಿಸಿದವರಿಗೂ ತಮ್ಮ ಪುಸ್ತಕ ಸರ್ಕಾರದ ಗ್ರಂಥಾಲಯಕ್ಕೆ ಹೋಯಿತೆಂದು ಸಂತೋಷವಾಗಿರುತ್ತದೆ. ಅದು ತಲುಪಿದ್ದು ಪಾರಿವಾಳಗಳಿಗೆ.

ಹೀಗೆ ಶನಿವಾರದ ಸಂಜೆ ಶುರುವಾಯಿತು. ನಾಲ್ಕೂವರೆಯಿಂದ ಆರು ಗಂಟೆ. ಮೊದಲ ವಾರ ಏಳು ಮಕ್ಕಳು, ಅವರಲ್ಲಿ ಇಬ್ಬರು ಚಪ್ಪಲಿ ಬಿಟ್ಟ ಕಡೆಯೇ ಕುಳಿತು ಒಳಗೆ ಬರಲು ಒಪ್ಪಲಿಲ್ಲ. ನಾನು ಅಂಗಡಿಯ ಚೂರು ಬಟ್ಟೆಯಲ್ಲಿ ಕೈಬೊಂಬೆ ಹೊಲಿದು ಒಯ್ದಿದ್ದೆ. ಸಫಾರಿ ಬಟ್ಟೆಯ ಕರಿ ತುಂಡಿನಲ್ಲಿ ಕಾಗಕ್ಕ, ಕಂದು ರವಿಕೆ ಕಣದಲ್ಲಿ ಗುಬ್ಬಕ್ಕ, ಕಣ್ಣಿಗೆ ಅಂಗಿಯ ಗುಂಡಿ. ಮಳೆಗೆ ಕಾಗಕ್ಕನ ಸಗಣಿಯ ಮನೆ ಕೊಚ್ಚಿಕೊಂಡು ಹೋಗಿ, ಅವಳು ಗುಬ್ಬಕ್ಕನ ಬಾಗಿಲು ತಟ್ಟುವ ಕಥೆ ಯಾರಿಗೆ ಗೊತ್ತಿಲ್ಲ? ಬಾಗಿಲು ತಟ್ಟುವ ಹೊತ್ತಿಗೆ ಮೂರನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು, ‘ಆಂಟಿ, ಅವಳು ಬಾಡಿಗೆ ಮನೆಗೆ ಹೋಗಬಹುದಲ್ಲ?’ ಎಂದ. ಇನ್ನೊಬ್ಬಳು ತಕ್ಷಣ, ‘ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಾರೆ, ಕಾಗೆಗೆ ಎಲ್ಲಿಂದ ಬರಬೇಕು?’ ಎಂದಳು. ಆ ಮಗುವಿನ ತಾಯಿ ತಂದೆ ಆ ತಿಂಗಳು ಮನೆ ಬದಲಿಸುತ್ತಿದ್ದರು. ಅಂದು ಕಥೆ ಮುಂದೆ ಹೋಗಲಿಲ್ಲ. ಕಾಗಕ್ಕನಿಗೆ ಯಾವ ಬಡಾವಣೆಯಲ್ಲಿ ಮನೆ ಕಡಿಮೆಗೆ ಸಿಗುತ್ತದೆ ಎಂಬುದರ ಮೇಲೆಯೇ ಆರು ಗಂಟೆಯಾಯಿತು. ಚಪ್ಪಲಿಯ ಬಳಿ ಕುಳಿತಿದ್ದ ಇಬ್ಬರು ಯಾವಾಗ ಒಳಗೆ ಬಂದರೋ ನನಗೆ ಕಾಣಲೇ ಇಲ್ಲ.

ಐದನೆಯ ವಾರಕ್ಕೆ ಮೇಲಿನ ರಸ್ತೆಯ ಹಿರಿಯರೊಬ್ಬರು ಬಂದರು. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಚಿಕ್ಕಂದಿನಲ್ಲಿ ಹಾಸನದ ಕಡೆ ಗಮಕ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆ, ಕಲಿತವರು. ‘ಒಂದು ಅರ್ಧ ಗಂಟೆ ಭಾರತ ವಾಚನ ಮಾಡಲೇ?’ ಎಂದು ಎಷ್ಟು ಸಂಕೋಚದಿಂದ ಕೇಳಿದರೆಂದರೆ, ಸಾಲ ಕೇಳುವವರೂ ಹಾಗೆ ಕೇಳುವುದಿಲ್ಲ. ವಿರಾಟನಗರದ ಉತ್ತರಕುಮಾರನ ಭಾಗ ತೆಗೆದುಕೊಂಡರು. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆ ಮಕ್ಕಳಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಹೆಂಗಸರ ಮುಂದೆ ಅವನು ಮೀಸೆ ತಿರುವುವುದನ್ನು ಅಠಾಣ ರಾಗದಲ್ಲಿ ಅವರು ಎತ್ತಿದಾಗಲೇ ಮಕ್ಕಳು ನಗಲು ಶುರು ಮಾಡಿದರು. ಗಮಕದಲ್ಲಿ ಹಾಡುವವರ ಜೊತೆ ಅರ್ಥ ಬಿಡಿಸುವವರೊಬ್ಬರು ಇರಬೇಕು. ಅಂದು ವ್ಯಾಖ್ಯಾನಕ್ಕೆ ಯಾರೂ ಇರಲಿಲ್ಲ. ಎರಡು ಪದ್ಯ ಮುಗಿಯುವುದರೊಳಗೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಅವರ ಹೆಂಡತಿ ತಡೆಯಲಾರದೆ, ‘ಅದು ಹಾಗಲ್ಲ ಮಕ್ಕಳೇ, ಅವನು ಹೇಳುತ್ತಿರುವುದು ಏನೆಂದರೆ’ ಎಂದು ಎದ್ದೇ ಬಂದರು. ಐವತ್ತು ವರ್ಷ ಕೇಳಿ ಕೇಳಿ ಅವರಿಗೆ ಎಲ್ಲ ಪದ್ಯವೂ ಬಾಯಿಗೆ ಬಂದಿತ್ತು. ಅಂದಿನಿಂದ ಯಜಮಾನರು ವಾಚನ, ಅಮ್ಮನವರು ವ್ಯಾಖ್ಯಾನ. ಭಾಮಿನಿ ಷಟ್ಪದಿಯ ಆರು ಸಾಲನ್ನು ನಮ್ಮ ಮಕ್ಕಳು ಈಗಲೂ ಬೀದಿಯಲ್ಲಿ ಕ್ರಿಕೆಟ್ ಆಡುತ್ತಾ ಕೂಗುತ್ತಾರೆ, ಔಟಾಗಿ ಓಡುವವನನ್ನು ಕಂಡು.

ಇನ್ನು ಹೆಂಗಸರ ವಿಷಯ. ನನ್ನ ಗಿರಾಕಿಗಳಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ ಹೆಣ್ಣುಮಗಳೊಬ್ಬಳಿದ್ದಾಳೆ. ಹೊಲಿಗೆಯಲ್ಲಿ ನನಗಿಂತ ಚುರುಕು, ಅಂಕಿ ಎಲ್ಲ ಗೊತ್ತು, ಅಕ್ಷರ ಮಾತ್ರ ಇಲ್ಲ. ಮಗನನ್ನು ಕಥೆಗೆ ಕರೆತರುತ್ತಿದ್ದವಳು ತಾನೂ ಕೂರಲು ತೊಡಗಿದಳು. ಕೆಳಗಿನ ಮೇಜಿನ ಪರೀಕ್ಷೆ ಹುಡುಗರಲ್ಲಿ ಇಬ್ಬರು, ಯಾರೂ ಹೇಳದೆ, ಮೇಲೆ ಬಂದು ಅವಳ ಹಾಗಿದ್ದ ಐದಾರು ಜನರಿಗೆ ಅಕ್ಷರ ಹೇಳಿಕೊಡಲು ಶುರು ಮಾಡಿದರು. ಮಕ್ಕಳ ಪುಸ್ತಕವೇ ಪಠ್ಯ. ಮೂರು ತಿಂಗಳಾಗಿತ್ತೇನೋ, ಒಂದು ಸಂಜೆ ಅವಳು ಬಟ್ಟೆ ಒಯ್ಯಲು ಬಂದು ಬಾಗಿಲಲ್ಲೇ ನಿಂತುಬಿಟ್ಟಳು. ನನ್ನ ತಲೆಯ ಮೇಲಿನ ಹಲಗೆಯತ್ತ ಕಣ್ಣು ನೆಟ್ಟು, ತುಟಿ ಆಡಿಸುತ್ತಾ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು: ‘ಇಂದು ನಗದು, ನಾಳೆ ಸಾಲ.’ ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ‘ಅಕ್ಕಾ, ಮೂರು ವರ್ಷದಿಂದ ಇದರ ಕೆಳಗೇ ನಿಂತು ಸಾಲ ಕೇಳಿದ್ದೇನಲ್ಲ! ನಾನು ಇದನ್ನು ದೇವರ ಶ್ಲೋಕ ಅಂದುಕೊಂಡಿದ್ದೆ.’

ನಾನೂ ನಕ್ಕೆ. ಮೂರು ವರ್ಷವೂ ಅವಳಿಗೆ ಸಾಲ ಕೊಟ್ಟಿದ್ದೆ ಎಂಬುದು ಬೇರೆ ಮಾತು.

ಹಾಜರಿ ಪುಸ್ತಕದಲ್ಲಿ ಕೊನೆಯ ವಾರ 41 ಹೆಸರುಗಳಿವೆ. ಒಟ್ಟು ನಡೆದದ್ದು 19 ಶನಿವಾರ. ಚಹಾ, ಬಿಸ್ಕತ್ತು, ಬಣ್ಣದ ಪೆನ್ಸಿಲು, ಡ್ರಾಯಿಂಗ್ ಹಾಳೆ, ಸೀಮೆಸುಣ್ಣ ಎಲ್ಲ ಸೇರಿ 3,230 ರೂಪಾಯಿ ಖರ್ಚು. ನನ್ನ ಅಳತೆ ಪುಸ್ತಕದ ಹಿಂದಿನ ಪುಟಗಳಲ್ಲಿ ಲೆಕ್ಕ ಇದೆ. ವಾರಕ್ಕೆ 170 ರೂಪಾಯಿ. ಒಂದು ಸೀರೆಗೆ ಫಾಲ್ ಹಚ್ಚಿ ಪಿಕೋ ಮಾಡಿದರೆ ಹೆಚ್ಚು ಕಡಿಮೆ ಅಷ್ಟೇ ಬರುತ್ತದೆ.

ಇಪ್ಪತ್ತನೆಯ ಶನಿವಾರ ಬೀಗ. ಗ್ರಂಥಪಾಲಕರಿಗೆ ವರ್ಗವಾಗಿತ್ತು. ಅದು ಸರ್ಕಾರಿ ಕೆಲಸದಲ್ಲಿ ಇದ್ದದ್ದೇ, ಅದನ್ನು ನಾನು ದೂರುವುದಿಲ್ಲ. ಹೊಸದಾಗಿ ಬಂದವರೂ ಕೆಟ್ಟವರಲ್ಲ. ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ. ‘ಲೆಕ್ಕ ಪರಿಶೀಲನೆಯಲ್ಲಿ ಒಂದು ಪುಸ್ತಕ ಕಡಿಮೆ ಬಂದರೆ ನನ್ನ ತಲೆಗೆ ಬರುತ್ತದೆಯಮ್ಮ, ನಲವತ್ತು ಮಕ್ಕಳು ಮೇಲೆ ಕೆಳಗೆ ಓಡಾಡಿದರೆ ನಾನು ಯಾರನ್ನು ಕಾಯಲಿ? ಮೇಲಿನವರಿಂದ ಒಂದು ಆದೇಶ ತನ್ನಿ, ನಾನೇ ಬಾಗಿಲು ತೆಗೆಯುತ್ತೇನೆ’ ಎಂದರು. ಸರಿಯೇ ಅನ್ನಿಸಿತು. ಆದೇಶ ತರಲು ಹೋದೆ.

ಮೂರು ಸಲ ಹೋದೆ. ಮೊದಲ ಸಲ ಸಾಹೇಬರು ಇರಲಿಲ್ಲ. ಎರಡನೆಯ ಸಲ ಅರ್ಜಿ ಬರೆದುಕೊಡಿ ಎಂದರು, ಬರೆದುಕೊಟ್ಟೆ, ಸೀಲು ಹಾಕಿದ ನಕಲು ನನ್ನ ಬಳಿ ಇದೆ. ಮೂರನೆಯ ಸಲ ಅಧಿಕಾರಿಯೊಬ್ಬರು ಕುಳ್ಳಿರಿಸಿ ಮಾತಾಡಿದರು, ಕಾಫಿ ತರಿಸಿದರು. ‘ನೋಡಿ ಅಮ್ಮ, ಗ್ರಂಥಾಲಯ ಅಂದರೆ ನಿಶ್ಶಬ್ದ. ಹಾಡು, ಕುಣಿತ, ಬೊಂಬೆ ಇವಕ್ಕೆಲ್ಲ ಸಭಾಭವನಗಳಿವೆ. ಗ್ರಂಥಾಲಯ ಸಪ್ತಾಹದಲ್ಲಿ ನಾವೇ ಕಾರ್ಯಕ್ರಮ ಮಾಡುತ್ತೇವಲ್ಲ, ಆಗ ಬನ್ನಿ’ ಎಂದರು. ನಾನು, ‘ಮಾಡಬಾರದು ಎಂದು ಆದೇಶ ಇದೆಯೇ ಸರ್?’ ಎಂದೆ. ಇಲ್ಲ ಎಂದರು. ‘ಮಾಡಬಹುದು ಎಂದು?’ ಅದೂ ಇಲ್ಲ ಎಂದರು. ಬೇಡ ಅನ್ನುವ ಕಾಗದವೂ ಇಲ್ಲ, ಆಗಲಿ ಅನ್ನುವ ಕಾಗದವೂ ಇಲ್ಲ, ಬೀಗ ಮಾತ್ರ ಇದೆ.

ನಿಶ್ಶಬ್ದದ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕೆಳಗೆ ಓದುವ ಮಕ್ಕಳಿಗೆ ತೊಂದರೆಯಾಗುತ್ತದೆಯೇ ಎಂದು ಮೊದಲ ವಾರವೇ ನೋಡಿದ್ದೆವು. ಮೇಲಿನ ಬಾಗಿಲು ಹಾಕಿಕೊಂಡು ಮಕ್ಕಳು ಕೂಗುವಾಗ ನಾನು ಕೆಳಗಿಳಿದು ಎರಡು ಮೇಜಿನ ನಡುವೆ ನಿಂತು ಕಿವಿಗೊಟ್ಟೆ. ಕೇಳಿಸುತ್ತಿದ್ದದ್ದು ರಸ್ತೆಯ ಹಾರನ್ನು, ಮತ್ತು ಎದುರಿಗೆ ನನ್ನದೇ ಅಂಗಡಿಯಲ್ಲಿ ನನ್ನ ಸೊಸೆ ತುಳಿಯುತ್ತಿದ್ದ ಯಂತ್ರ. ಕೆಳಗೆ ಓದುವುದಕ್ಕೆ, ಮೇಲೆ ಮಾತಾಡುವುದಕ್ಕೆ ಎಂದು ಎರಡು ಮಹಡಿ ಇರುವ ಕಟ್ಟಡದಲ್ಲಿ ನಿಶ್ಶಬ್ದಕ್ಕೂ ಮಾತಿಗೂ ಜಗಳ ಬರಬೇಕಾಗಿಲ್ಲ.

ಸಪ್ತಾಹದ ವಿಷಯಕ್ಕೆ ಬರುತ್ತೇನೆ. ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಶಾಮಿಯಾನ ಬರುತ್ತದೆ, ದೀಪ ಬೆಳಗುತ್ತಾರೆ, ಪೇಟ ತೊಡಿಸಿ ಸನ್ಮಾನ ಮಾಡುತ್ತಾರೆ, ಪಕ್ಕದ ಶಾಲೆಯ ಮಕ್ಕಳನ್ನು ಸಮವಸ್ತ್ರದಲ್ಲಿ ಸಾಲಾಗಿ ತಂದು ಕೂರಿಸಿ ಪ್ರಬಂಧ ಬರೆಸುತ್ತಾರೆ. ಬೇಡವೆನ್ನುವುದಿಲ್ಲ. ಒಂದು ವರ್ಷ ವೇದಿಕೆಯ ಹಿಂದಿನ ಸ್ಯಾಟಿನ್ ಪರದೆ ಹೊಲಿದುಕೊಟ್ಟವಳು ನಾನೇ. ಆದರೆ ಏಳು ದಿನ ಉಣಬಡಿಸಿ ಮುನ್ನೂರೈವತ್ತೆಂಟು ದಿನ ಅಡುಗೆಮನೆಗೆ ಬೀಗ ಹಾಕಿದರೆ, ಹಸಿದವರು ಈ ಮನೆಯ ಕಡೆ ಬರುವುದಿಲ್ಲ ಎಂದು ದೂರುವುದು ಯಾವ ನ್ಯಾಯ?

ನಮ್ಮ ಶಾಖೆಯಲ್ಲಿ ಡಾ. ಎಸ್‌.ಆರ್‌. ರಂಗನಾಥನ್ ಅವರ ಪಟ ಇದೆ. ಅವರ ಹುಟ್ಟಿದ ದಿನವಾದ ಆಗಸ್ಟ್ 12ರಂದು ಅದಕ್ಕೆ ಹಾರ ಹಾಕುತ್ತಾರೆ. ದೊಡ್ಡವರು, ದೇಶದ ಗ್ರಂಥಾಲಯ ಶಾಸ್ತ್ರಕ್ಕೆ ತಳಹದಿ ಹಾಕಿದವರು. ಕೊನೆಯ ದಿನಗಳಲ್ಲಿ ನಮ್ಮ ಊರಿನಲ್ಲೇ ಇದ್ದು 1972ರಲ್ಲಿ ಇಲ್ಲೇ ತೀರಿಕೊಂಡರು. ಗ್ರಂಥಾಲಯಕ್ಕೆಂದು ಅವರು 1931ರಲ್ಲಿ ಹೇಳಿದ ಐದು ಸೂತ್ರಗಳಲ್ಲಿ ಕೊನೆಯದು, ಗ್ರಂಥಾಲಯ ಬೆಳೆಯುವ ಜೀವಿ ಎಂಬುದು. ಅದನ್ನು ಓದಿದಾಗ ನನಗೆ ನನ್ನ ಕಸುಬೇ ನೆನಪಾಯಿತು. ಬೆಳೆಯುವ ಮಗುವಿಗೆ ಲಂಗ ಹೊಲಿಯುವಾಗ ಅಂಚಿನಲ್ಲಿ ಎರಡು ಇಂಚು ಬಟ್ಟೆ ಒಳಗೆ ಮಡಚಿ ಹೊಲಿಯುತ್ತೇವೆ, ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಲೆಂದು. ನಮ್ಮ ಗ್ರಂಥಾಲಯ ಕಟ್ಟಿದವರು ಆ ಮೇಲಿನ ಕೋಣೆಯನ್ನು ಹಾಗೆಯೇ ಮಡಚಿ ಇಟ್ಟಿದ್ದರು. ಯಾರೂ ಬಿಚ್ಚಲಿಲ್ಲ, ಅಷ್ಟೇ.

ಗ್ರಂಥಾಲಯದಲ್ಲಿ ಮಾತು ಕಥೆ ನಡೆಯುವುದು ಬೆಂಗಳೂರಿಗೆ ಹೊಸದೇನೂ ಅಲ್ಲ. ಬಸವನಗುಡಿಯಲ್ಲಿ ಡಿ.ವಿ. ಗುಂಡಪ್ಪನವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ತೆರೆದದ್ದು 1945ರಲ್ಲಿ. ಪುಸ್ತಕ ಭಂಡಾರದ ಜೊತೆಗೇ ಉಪನ್ಯಾಸ, ಅಧ್ಯಯನ ಗೋಷ್ಠಿ. ಅದೇ ವರ್ಷ, ಅದೇ ಬಸವನಗುಡಿಯಲ್ಲಿ ಬಿ.ಪಿ. ವಾಡಿಯಾ ಅವರ ವಿಶ್ವ ಸಂಸ್ಕೃತಿ ಸಂಸ್ಥೆಯೂ ಹುಟ್ಟಿತು. ಅಲ್ಲಿ ಮಕ್ಕಳಿಗೆ ಬೇರೆ ಗ್ರಂಥಾಲಯವೇ ಇದೆ, ಸಂಜೆ ಸಂಗೀತವೂ ಭಾಷಣವೂ ಇರುತ್ತವೆ. ನ್ಯಾಷನಲ್ ಕಾಲೇಜಿನಲ್ಲಿ ಎಚ್‌. ನರಸಿಂಹಯ್ಯನವರು 1962ರಲ್ಲಿ ಶುರು ಮಾಡಿದ ವಿಜ್ಞಾನ ವೇದಿಕೆ ಬುಧವಾರ ಬುಧವಾರ ಉಪನ್ಯಾಸ ಏರ್ಪಡಿಸಿಕೊಂಡು ಬಂತು. ಟಿಕೆಟ್ ಇಲ್ಲ, ಆಹ್ವಾನ ಪತ್ರಿಕೆ ಬೇಕಿಲ್ಲ. ವಾಡಿಯಾ ಅವರ ಸಂಸ್ಥೆಯಲ್ಲಿ ಕೂತು ನಾನೂ ಎಷ್ಟೋ ಸಂಜೆ ಹಾಡು ಕೇಳಿದ್ದೇನೆ, ಆಗ ಮಕ್ಕಳು ಚಿಕ್ಕವರು, ಅತ್ತೆ ಇದ್ದರು, ಅಂಗಡಿ ಬಿಟ್ಟು ಹೋಗಲು ಸಾಧ್ಯವಿತ್ತು.

ಆದರೆ ಇವೆಲ್ಲ ಮಹನೀಯರು ತಮ್ಮ ಹಟದಿಂದ ಕಟ್ಟಿದವು, ಬಹುಪಾಲು ಬಸವನಗುಡಿಯ ಸುತ್ತಮುತ್ತ. ಸಂಜೆ ಐದಕ್ಕೆ ನೀರು ಬರುವ ಮನೆಯ ಹೆಂಗಸು, ಕಾರ್ಖಾನೆಯ ವ್ಯಾನಿನಿಂದ ಆರಕ್ಕೆ ಇಳಿಯುವ ಹೆಂಗಸು, ಎರಡು ಬಸ್ ಬದಲಿಸಿಕೊಂಡು ಗಾಂಧಿ ಬಜಾರಿಗೆ ಹೋಗಿ ಉಪನ್ಯಾಸ ಕೇಳಿ ಎಂಟೂವರೆಗೆ ಮನೆಗೆ ಬರಲಾರಳು. ಅವಳ ಬೀದಿಯಲ್ಲಿ ಇರುವುದು ಸರ್ಕಾರದ ಶಾಖಾ ಗ್ರಂಥಾಲಯ ಒಂದೇ.

ಸರ್ಕಾರಕ್ಕೆ ಇದು ಆಗದ ಕೆಲಸವೇ ಎಂದರೆ, ಅಲ್ಲ. ನನ್ನ ತವರು ಮಾಗಡಿ ತಾಲ್ಲೂಕಿನ ಒಂದು ಹಳ್ಳಿ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಒಪ್ಪಿಸಿದರು. ಮರುವರ್ಷ, ಕೋವಿಡ್‌ನಿಂದ ಶಾಲೆ ಮುಚ್ಚಿ ಮಕ್ಕಳು ಬೀದಿ ಪಾಲಾಗಿದ್ದಾಗ, ‘ಓದುವ ಬೆಳಕು’ ಎಂಬ ಕಾರ್ಯಕ್ರಮ ತಂದು 6ರಿಂದ 18 ವರ್ಷದ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟರು. ಈಗ ಅವುಗಳಿಗೆ ಅರಿವು ಕೇಂದ್ರ ಎಂದು ಹೆಸರು. ಎಲ್ಲ ಊರಲ್ಲೂ ಚೆನ್ನಾಗಿಯೇ ನಡೆಯುತ್ತಿದೆ ಎಂದು ನಾನು ಹೇಳಲಾರೆ, ನಾನು ಕಂಡದ್ದು ಒಂದು ಊರಿನದು. ಅಲ್ಲಿ ಹೋದ ಬೇಸಿಗೆಯಲ್ಲಿ ನನ್ನ ಅಕ್ಕನ ಮೊಮ್ಮಗಳು ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸಿದಳು: ಮಕ್ಕಳೇ ಬರೆದ ಗೋಡೆ ಪತ್ರಿಕೆ, ಗಟ್ಟಿಯಾಗಿ ಓದುವ ಮೂಲೆ, ಚೆಸ್ ಆಡುವ ಚಾಪೆ. ನನ್ನ ಊರಿನ ಹುಣಿಸೆ ಮರದ ಬಗ್ಗೆ ಅವಳು ಬರೆದ ನಾಲ್ಕು ಸಾಲೂ ಗೋಡೆಯ ಮೇಲಿತ್ತು, ಕಾಗುಣಿತ ತಪ್ಪಿನ ಸಮೇತ.

‘ಚಿಕ್ಕಜ್ಜಿ, ನಿಮ್ಮ ಬೆಂಗಳೂರಿನ ಲೈಬ್ರರಿಯಲ್ಲಿ ಮಕ್ಕಳು ಏನು ಮಾಡುತ್ತಾರೆ?’ ಎಂದು ಕೇಳಿದಳು.

‘ಸುಮ್ಮನಿರುತ್ತಾರೆ’ ಎಂದೆ.

ಹಳ್ಳಿಯ ಒಂದೇ ಕೋಣೆಯ ಗ್ರಂಥಾಲಯದಲ್ಲಿ ಆಗುವುದು ರಾಜಧಾನಿಯ ಎರಡು ಮಹಡಿಯ ಗ್ರಂಥಾಲಯದಲ್ಲಿ ಆಗುವುದಿಲ್ಲ ಎಂದರೆ, ಹಣದ ಕೊರತೆ ಕಾರಣವಲ್ಲ. ಹಣದ ಮಾತನ್ನೂ ಆಡಿಬಿಡುತ್ತೇನೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಬಂದಂದಿನಿಂದ ನಾವು ಮನೆ ಕಂದಾಯದ ಜೊತೆಗೆ ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ಈಗ ಅದು ಆಸ್ತಿ ತೆರಿಗೆಯ ಶೇಕಡಾ 6. ರಸೀದಿಯಲ್ಲಿ ಎಲ್ಲ ಕರಗಳನ್ನೂ ಒಟ್ಟಿಗೆ ಸೇರಿಸಿ ಒಂದೇ ಮೊತ್ತ ಕಾಣಿಸುವುದರಿಂದ ಬಹಳ ಜನಕ್ಕೆ ಗೊತ್ತೇ ಇಲ್ಲ. ನಾನು ಕುಳಿತು ಬಿಡಿಸಿ ನೋಡಿದೆ. ನನ್ನ ಪುಟ್ಟ ಮನೆಯ ತೆರಿಗೆ 4,300 ರೂಪಾಯಿ. ಅದರ ಮೇಲೆ ಗ್ರಂಥಾಲಯಕ್ಕೆ 258. ಒಂದೂವರೆ ಶನಿವಾರದ ಖರ್ಚು ನನ್ನ ಒಬ್ಬಳ ಮನೆಯಿಂದಲೇ ಹೋಗಿದೆ. ನಮ್ಮ ರಸ್ತೆಯಲ್ಲಿ ಅರವತ್ತು ಮನೆಗಳಿವೆ, ಬಾಡಿಗೆಯವರೂ ಬಾಡಿಗೆಯೊಳಗೆ ಇದನ್ನು ಕೊಟ್ಟೇ ಇರುತ್ತಾರೆ. ನಗರ ಐದು ಪಾಲಿಕೆಗಳಾಗಿ ಹಂಚಿಹೋಗಿದೆ, ರಸೀದಿಯ ತಲೆಬರಹ ಬದಲಾದೀತು, ಕರ ಕಟ್ಟುವವರು ನಾವೇ. ನಾನು ಹೊಸ ಕಟ್ಟಡ ಕೇಳುತ್ತಿಲ್ಲ, ಹವಾನಿಯಂತ್ರಣ ಕೇಳುತ್ತಿಲ್ಲ, ದೊಡ್ಡ ಸಾಹಿತಿಗಳನ್ನು ಕಾರಿನಲ್ಲಿ ಕರೆತನ್ನಿ ಎನ್ನುತ್ತಿಲ್ಲ. ಹಾಡುವವರು, ಹೇಳುವವರು, ಕಲಿಸುವವರು ಬೀದಿಯಲ್ಲೇ ಇದ್ದಾರೆ, ಕರೆಯುವ ತನಕ ಬಾಯಿ ಬಿಡುವುದಿಲ್ಲ ಅಷ್ಟೇ.

ನಾನು ಕೇಳುವುದು ಒಂದು ಕಾಗದ. ಹೆಚ್ಚಿನ ಕೋಣೆ ಇರುವ ಪ್ರತಿಯೊಂದು ಶಾಖಾ ಗ್ರಂಥಾಲಯದಲ್ಲಿ ವಾರಕ್ಕೆ ಎರಡು ಗಂಟೆ ಅದನ್ನು ಬಡಾವಣೆಯವರ ಓದು, ಕಥೆ, ಕಲೆ, ಕಲಿಕೆಗೆ ತೆರೆಯಬೇಕು, ಅದು ಗ್ರಂಥಪಾಲಕರ ಕೆಲಸದ ಒಂದು ಭಾಗ, ಆ ಹೊತ್ತಿನಲ್ಲಿ ಒಂದು ಮಕ್ಕಳ ಪುಸ್ತಕ ಹರಿದರೆ ಅವರ ಮೇಲೆ ಬರುವುದಿಲ್ಲ ಎಂದು ಬರೆದ ಆದೇಶ. ಹರಿದ ಪುಸ್ತಕ ಓದಿದ ಪುಸ್ತಕ ಎಂಬುದನ್ನು ಲೆಕ್ಕ ಪರಿಶೀಲಿಸುವವರೂ ಒಪ್ಪಿಯಾರು. ಬೈಂಡಿಂಗ್ ನಾನು ಮಾಡಿಕೊಡುತ್ತೇನೆ, ದಪ್ಪ ಸೂಜಿ ಇದೆ. ನಮ್ಮ ಹಳೆಯ ಗ್ರಂಥಪಾಲಕರು ಒಳ್ಳೆಯವರಾಗಿದ್ದರು ಎಂಬ ಒಂದೇ ಕಾರಣಕ್ಕೆ 19 ವಾರ ನಡೆಯಿತು. ಒಬ್ಬರ ಒಳ್ಳೆಯತನದ ಮೇಲೆ ನಡೆದದ್ದು ಅವರ ವರ್ಗಾವಣೆಯ ಜೊತೆಗೇ ಹೋಯಿತು. ಈಗ ಅವರು ಹೋದ ಕಡೆಯಲ್ಲಿ ಮೇಲಿನ ಮಹಡಿಯೇ ಇಲ್ಲವಂತೆ, ಫೋನಿನಲ್ಲಿ ಹೇಳಿದರು.

ಮಕ್ಕಳು ಶನಿವಾರ ನಾಲ್ಕೂವರೆಗೆ ಇನ್ನೂ ಬರುತ್ತಾರೆ, ನನ್ನ ಅಂಗಡಿಗೆ. ಹತ್ತಡಿ ಕೋಣೆ, ಎರಡು ಯಂತ್ರ, ಕಾಯಿಸಿದ ಇಸ್ತ್ರಿ ಪೆಟ್ಟಿಗೆ, ನೆಲದ ಮೇಲೆ ಗುಂಡುಸೂಜಿ. ಆರು ಮಕ್ಕಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ಉಳಿದವರು ಫುಟ್‌ಪಾತಿನಲ್ಲಿ ನಿಂತು ಕೇಳುತ್ತಾರೆ, ಸ್ಕೂಟರುಗಳು ಅಲ್ಲಿಯೂ ಹತ್ತಿ ಬರುತ್ತವೆ. ಗಮಕದ ಯಜಮಾನರು ಮಂಡಿ ನೋವೆಂದು ಬರುವುದನ್ನು ಬಿಟ್ಟಿದ್ದಾರೆ. ಅಮ್ಮನವರು ಮಾತ್ರ ತರಕಾರಿಗೆ ಬಂದಾಗ ಒಂದೆರಡು ಪದ್ಯ ಹೇಳಿ ಹೋಗುತ್ತಾರೆ. ಗಾರ್ಮೆಂಟ್ಸ್ ಹೆಣ್ಣುಮಗಳು ಒತ್ತಕ್ಷರದ ತನಕ ಬಂದು ನಿಂತಿದ್ದಾಳೆ.

ಈ ಪತ್ರವನ್ನು ಪ್ರಕಟಿಸುವುದಾದರೆ ನನ್ನ ಹೆಸರೂ ಬಡಾವಣೆಯ ಹೆಸರೂ ಹಾಕಬೇಡಿ. ನನಗೇನೂ ಹೆದರಿಕೆಯಿಲ್ಲ, ಈಗಿನ ಗ್ರಂಥಪಾಲಕರಿಗೆ ಮೇಲಿನಿಂದ ಮಾತು ಬರಬಾರದು. ನಿಮ್ಮ ಕಚೇರಿಗೆ ಮಾತ್ರ ತಿಳಿದಿರಲೆಂದು ವಿಳಾಸವನ್ನು ಬೇರೆ ಚೀಟಿಯಲ್ಲಿ ಬರೆದು ಪಿನ್ನು ಹಾಕಿದ್ದೇನೆ. ಇಲಾಖೆಯವರು ಯಾರಾದರೂ ಕೋಣೆ ನೋಡಲು ಬರುವುದಿದ್ದರೆ ನಿಮ್ಮಿಂದ ವಿಳಾಸ ಪಡೆಯಲಿ. ಅಂಗಡಿ ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ತೆರೆದಿರುತ್ತದೆ. ಸೋಮವಾರ ಬೇಡ, ಅಂದು ಗ್ರಂಥಾಲಯಕ್ಕೆ ವಾರದ ರಜೆ. ಮಂಗಳವಾರವೂ ಬೇಡ, ಅಂದು ಬೆಳಿಗ್ಗೆ ನಾನು ದಾರ ತರಲು ಚಿಕ್ಕಪೇಟೆಗೆ ಹೋಗಿರುತ್ತೇನೆ.

ಇಂತಿ,
ಗ್ರಂಥಾಲಯದ ಎದುರಿನ ದರ್ಜಿ
ಬೆಂಗಳೂರು